ಲೆಕ್ಕಕ್ಕೆ ಸಿಗದ ಇಪ್ಪತ್ತೇಳು ಕಿಲೋ

ವಿಮಾನ ಕಟ್ಟುವ ಜಾಗದಲ್ಲಿ ಎಲ್ಲರೂ ಏನನ್ನಾದರೂ ಸೇರಿಸುವವರೇ. ಬೇಡ ಅನ್ನಲು ಒಬ್ಬ ಬೇಕು. ಇರಾನಿನ ಇಸ್ಫಹಾನ್ ಪಕ್ಕದ ಶಾಹಿನ್‌ಶಹರ್‌ನ ನಮ್ಮ ಹ್ಯಾಂಗರಿನಲ್ಲಿ ಆ ಒಬ್ಬರು ಫರಾಮರ್ಜ್ ಕಲ್ಬಾಸಿ. ಮೂವತ್ತೊಂದು ವರ್ಷದಿಂದ ಅವರ ಕೆಲಸ ತೂಗುವುದು. ಬೋಲ್ಟು, ಬಾಗಿಲು, ಬಣ್ಣ, ಎಲ್ಲವೂ ಅವರ ತಕ್ಕಡಿ ಹತ್ತಿ ಇಳಿದ ಮೇಲೆಯೇ ವಿಮಾನ ಹತ್ತಬೇಕು. ಊಟದ ನಂತರ ಹ್ಯಾಂಗರ್ ಪೂರ್ತಿ ತೂಕಡಿಸುತ್ತಿದ್ದರೂ ಅವರೊಬ್ಬರು ತೂಕ ಮಾಡುತ್ತ ಕೂತಿರುತ್ತಿದ್ದರು.

ಮುಂಚೆ ಅವರಿಗೆ ತಕ್ಕಡಿ ಕೂಡ ಬೇಕಿರಲಿಲ್ಲ. ಅಂಗೈಯಲ್ಲಿ ಇಟ್ಟರೆ ಸಾಕು, ಕರಬೂಜಕ್ಕೂ ರಿವೆಟ್ಟಿಗೂ ತೂಕ ಹೇಳಿಬಿಡುತ್ತಿದ್ದರು. ಹೋದ ಬೇಸಿಗೆಯಲ್ಲಿ ಹೆಂಡತಿ ಅಖ್ತರ್ ಖಾನಂ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಟ್ಟು ಖಬರಸ್ತಾನದವರೆಗೆ ನಡೆದ ಕಲ್ಬಾಸಿ, ಅದು ಎಷ್ಟು ಕಿಲೋ ಇದ್ದೀತು ಎಂದು ಯೋಚಿಸಲಿಲ್ಲ. ಆಮೇಲೆ ಯಾವುದರ ಬಗ್ಗೆಯೂ ಕೈಗೆ ಅಂದಾಜು ಸಿಗಲಿಲ್ಲ. ನಲವತ್ತನೆಯ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಬಂದರು, ತಕ್ಕಡಿಯ ಮುಂದೆ ಕೂತರು. ಚಹಾಕ್ಕೆ ಬಾಯಲ್ಲಿಟ್ಟ ಪೂಲಕಿ ಎಂಬ ತೆಳು ಸಕ್ಕರೆಮಿಠಾಯಿ ತಾನೇ ಕರಗಿ ಹೋಗುತ್ತಿತ್ತು, ಚಹಾ ಹಾಗೇ ಆರುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮ ಹೊಸ ವಿಮಾನ ಸಿದ್ಧವಾಯಿತು. ಹೊಸದು ಅನ್ನುವುದು ಮರ್ಯಾದೆಯ ಮಾತು. ಪ್ರಯಾಣಿಕರ ಹಳೆಯ ವಿಮಾನವೊಂದರ ನಕ್ಷೆ ಹಿಡಿದು, ಹಿಂಭಾಗ ಕೊಯ್ದು, ಸೈನ್ಯದ ಜೀಪು ನೇರವಾಗಿ ಹತ್ತುವಂಥ ಇಳಿಬಾಗಿಲು ಕೂರಿಸಿದ್ದೆವು. ಮುನ್ನೂರು ಜನರಿಗೆ ಅದು ನಾಲ್ಕು ವರ್ಷದ ಕೆಲಸ. ಗುರುವಾರ ಮೊದಲ ಹಾರಾಟ, ತೆಹ್ರಾನಿನಿಂದ ದೊಡ್ಡವರು ಬರುವವರಿದ್ದರು. ಅದಕ್ಕೆ ಮುಂಚೆ ಕಲ್ಬಾಸಿ ಇಡೀ ವಿಮಾನವನ್ನು ತೂಗಿ ಸಹಿ ಹಾಕಬೇಕು. ತೂಕ ತಪ್ಪಿದರೆ ವಿಮಾನ ಏರುವಾಗಲೇ ಬಾಲದ ಮೇಲೆ ಕೂರುತ್ತದೆ. ಒಳಗೆ ಇಬ್ಬರು ಪೈಲಟ್‌ಗಳಿರುತ್ತಾರೆ.

ಶನಿವಾರ ಹ್ಯಾಂಗರಿನ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿದರು. ಮೂರು ಜ್ಯಾಕುಗಳ ಮೇಲೆ ವಿಮಾನವನ್ನೆತ್ತಿ ಮೂರು ಸಲ ತೂಗಿದರು. ಮೂರು ಸಲವೂ ಇಪ್ಪತ್ತೇಳು ಕಿಲೋ ಹೆಚ್ಚು. ಅಷ್ಟೂ ಬಾಲದಲ್ಲಿ.

ನಮ್ಮ ಮುಖ್ಯಸ್ಥ ಮೊಹಂದೆಸ್, ಅಂದರೆ ಇಂಜಿನಿಯರ್, ರಸ್ತೆಗಾರ್. ಹೆಸರಿನಲ್ಲೇ ರಸ್ತೆ ಇದ್ದ ಮೇಲೆ ಅವರು ಅಡ್ಡದಾರಿಯನ್ನೂ ಬಲ್ಲವರಾಗಿದ್ದರು.

"ಆಗಾ ಕಲ್ಬಾಸಿ, ಹನ್ನೆರಡು ಟನ್ನಿನ ವಿಮಾನದಲ್ಲಿ ಇಪ್ಪತ್ತೇಳು ಕಿಲೋ! ಒಂಟೆ ಮೇಲೆ ನೊಣ ಕೂತ ಹಾಗೆ. ಮೂಗಿಗೆ ಇನ್ನೊಂದಿಷ್ಟು ಸೀಸ ತುಂಬಿ, ಸರಿಹೋಗುತ್ತೆ."

"ಸರಿಹೋಗುತ್ತೆ."

"ಮತ್ತೆ ಸಹಿ ಹಾಕಿ."

"ಏನು ಅಂತ ಗೊತ್ತಿಲ್ಲದ್ದಕ್ಕೆ ಹಾಕಲ್ಲ."

"ಗುರುವಾರ ಹಾರದಿದ್ರೆ ಶನಿವಾರ ನಿಮ್ಮ ಕುರ್ಚೀಲಿ ಬೇರೆಯವನು ಕೂತಿರ್ತಾನೆ, ನೆನಪಿರಲಿ."

"ಕೂರಲಿ," ಎಂದರು ಕಲ್ಬಾಸಿ. ಧೈರ್ಯದಿಂದ ಹೇಳಿದ ಮಾತೇನಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದೆಯೇ ಎಂದು ಕೇಳಿದವರಿಗೆ ಹೇಳುವಂತೆ ಹೇಳಿದರು.

ಟಾರ್ಚು ಹಿಡಿದು, ಐವತ್ತೆಂಟರ ಮಂಡಿಗಳನ್ನು ಮಡಚಿಕೊಂಡು ಬಾಲದೊಳಕ್ಕೆ ತೆವಳಿದರು. ಮೊದಲ ಒಳಹಲಗೆ ಬಿಚ್ಚಿದಾಗ ಕೈಗೆ ಸಿಕ್ಕಿದ್ದು ಒಂದು ಹಿತ್ತಾಳೆ ಬೀಗ, ಹರಕೆಗೆಂದು ದರ್ಗಾದ ಜಾಲರಿಗೆ ಹಾಕುವಂಥದ್ದು. ಎರಡನೆಯದರ ಹಿಂದೆ ನಮಾಜಿನ ಮಣ್ಣಿನ ಬಿಲ್ಲೆಗಳು ಹನ್ನೊಂದು. ಆಮೇಲೆ ದೃಷ್ಟಿ ತೆಗೆಯುವ ಇಸ್ಫಂದ್ ಕಾಳಿನ ಚೀಲಗಳು, ಹಸಿರು ಬಟ್ಟೆಯ ಗಂಟುಗಳು, ಪುಣ್ಯಕ್ಷೇತ್ರ ಮಶ್ಹದ್‌ನಿಂದ ತಂದ ಅಮೃತಶಿಲೆಯ ತುಂಡು, ಪ್ರಾರ್ಥನೆ ಕೆತ್ತಿದ ತಾಮ್ರದ ಬಟ್ಟಲು, ಯುದ್ಧದಲ್ಲಿ ಸತ್ತ ಯಾರದೋ ಅಣ್ಣನ ಫೋಟೋ ಕಬ್ಬಿಣದ ಚೌಕಟ್ಟಿನ ಸಮೇತ. ನಾಲ್ಕು ವರ್ಷ ಒಬ್ಬರಿಗೊಬ್ಬರು ಹೇಳದೆ, ಪ್ರತಿಯೊಬ್ಬರೂ ತಮ್ಮದೊಂದೇ ಅಂದುಕೊಂಡು ಇಟ್ಟದ್ದು. ಜನ ದೇವರ ಮೇಲೆ ಭಾರ ಹಾಕುತ್ತಾರೆ. ನಮ್ಮವರು ಆ ಭಾರವನ್ನೂ ವಿಮಾನದ ಮೇಲೇ ಹಾಕಿದ್ದರು.

ಕೊನೆಯಲ್ಲಿ, ಬಾಲದ ರೆಕ್ಕೆಯನ್ನು ಎತ್ತಿಳಿಸುವ ಕೇಬಲ್ಲಿನಿಂದ ಒಂದು ಗೇಣು ಮೇಲೆ, ದಾರದಲ್ಲಿ ನೇತಾಡುತ್ತಿದ್ದ ಜಪಮಾಲೆ. ದಾರ ಕಡಿದರೆ ಮಣಿಗಳು ನೇರ ಕೇಬಲ್ಲಿನ ರಾಟೆಗೆ ಬಿದ್ದು ಅದು ತಿರುಗದಂತಾಗುತ್ತದೆ. ಕಲ್ಬಾಸಿ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಸೋಮವಾರ ಮೇಜಿನ ಮೇಲೆ ಎಲ್ಲವನ್ನೂ ಹರಡಿ ಜನರನ್ನು ಕರೆದರು. ವೈರಿಂಗ್ ವಿಭಾಗದ ಅಶ್ರಫ್ ಖಾನಂ ಮೊದಲು ಬಾಯಿ ಬಿಟ್ಟರು. "ಅಯ್ಯೋ, ಹರಕೆ ಇಟ್ಟಿದ್ದನ್ನ ತೆಗೀತಾರೇನ್ರೀ? ಅಪಶಕುನ! ನನ್ನ ಗಂಟು ನೂರೈವತ್ತು ಗ್ರಾಂ. ಊಸ್ತಾ ಗೊರ್ಬಾನ್‌ದು ತೆಗೀರಿ, ಕಬ್ಬಿಣದ್ದು."

ರಿವೆಟ್ ಹೊಡೆಯುವ ಮೇಸ್ತ್ರಿ ಊಸ್ತಾ ಗೊರ್ಬಾನ್ ಕೆರಳಿದ. "ನಮ್ಮಣ್ಣನ ಫೋಟೋ ಕಣಮ್ಮ ಅದು! ಆ ಬಂಡೆ ಯಾರ್ದು ಕೇಳಿ ಮೊದ್ಲು. ಮಶ್ಹದ್‌ನಿಂದ ತಂದ್ರೋ, ಅಡುಗೆಮನೆ ಕಟ್ಟೆ ಕಿತ್ಕೊಂಡು ಬಂದ್ರೋ!"

"ನಂದು ಬರೀ ಎಂಟು ಗ್ರಾಮಿನ ಫಿರೋಜಾ ಕಲ್ಲು," ಎಂದಿತು ಹಿಂದಿನಿಂದ ಒಂದು ದನಿ.

"ಎಂಟಲ್ಲ, ಹನ್ನೊಂದು," ಎಂದರು ಕಲ್ಬಾಸಿ, ಚೀಟಿ ನೋಡಿ.

ಅಷ್ಟರಲ್ಲಿ ಪೈಲಟ್ ಕರ್ನಲ್ ಬೆಹ್ಬಹಾನಿ ಬಂದರು. ದಕ್ಷಿಣದವರು, ಜೋರು ಗಂಟಲು. "ಇಸ್ಫಹಾನಿನವ್ರು ಕರಬೂಜ ಕೊಟ್ರೆ ಬೀಜ ವಾಪಸ್ ಕೇಳ್ತಾರೆ ಅಂತಿದ್ರು. ನನಗೋಸ್ಕರ ಇಷ್ಟೊಂದು ಕೈ ಬಿಚ್ಚಿದ್ದೀರಲ್ಲಪ್ಪಾ!"

ಕಲ್ಬಾಸಿ ಜೇಬಿನಿಂದ ಜಪಮಾಲೆ ತೆಗೆದು, ಎಲ್ಲಿತ್ತು ಎಂಬುದನ್ನು ಹೇಳಿದರು. ಕರ್ನಲ್ ಮುಖದ ನಗು ನಿಂತಿತು. "ಯಾರದಿದು?"

ಗೊರ್ಬಾನ್ ತಲೆ ತಗ್ಗಿಸಿದ. "ನಂದೇ, ಕರ್ನಲ್ ಸಾಹೇಬ್ರೆ. ನೀವು ಕ್ಷೇಮವಾಗಿ ಇಳೀಬೇಕು ಅಂತ..."

"ನಾನು ಇಳೀತಿದ್ದೆ ಕಣೋ. ವಿಮಾನದ ಸಮೇತ ನೇರ ಮಣ್ಣಿನೊಳಕ್ಕೇ ಇಳೀತಿದ್ದೆ."

ಯಾರೂ ನಗಲಿಲ್ಲ. ಆದರೂ ಯಾರ ಕೈಯೂ ಮೇಜಿನತ್ತ ಬರಲಿಲ್ಲ. ವಾಪಸ್ ತೆಗೆದುಕೊಂಡವನ ಹೆಸರು, ನಾಳೆ ಏನಾದರೂ ಆದರೆ, ಉಳಿದವರ ಬಾಯಲ್ಲಿ ಸಾಯುವವರೆಗೂ ಇರುತ್ತದೆ.

ಆಗ ಕಲ್ಬಾಸಿಯವರೇ ದಾರಿ ತೋರಿಸಿದರು. ವಿಮಾನದ ಮೂಗಿನೊಳಗೆ ಕೂರಬೇಕಿದ್ದ ರೇಡಾರ್ ಇನ್ನೂ ಬಂದಿರಲಿಲ್ಲ. ಬಾಲದಲ್ಲಿ ಏನೂ ಇಲ್ಲದಿದ್ದರೂ ಅದರ ಜಾಗದಲ್ಲಿ ಬಿಗಿ ಪೆಟ್ಟಿಗೆಯೊಂದರಲ್ಲಿ ಇಪ್ಪತ್ತೆಂಟು ಕಿಲೋ ಸೀಸ ಇಡಲೇಬೇಕಿತ್ತು. ಸೀಸದ ಬದಲು ಇವನ್ನೇ ಇಡಬಹುದು. ತೂಕಕ್ಕೆ ತೂಕವೇ ಮುಖ್ಯ, ಅದು ಯಾವುದರದು ಎಂಬುದಲ್ಲ.

"ಫಾರಂನಲ್ಲಿ ಏನಂತ ಬರೀತೀರಿ?" ರಸ್ತೆಗಾರ್ ತಲೆ ಹಿಡಿದುಕೊಂಡರು. "ಸೀಸ ಅಂತ ಬರೆದುಬಿಡಿ."

"ಸೀಸ ಅಲ್ಲವಲ್ಲ."

"ಹರಕೆ ಅಂತ ಬರೆದ್ರೆ ತೆಹ್ರಾನಿನವರು ನನ್ನನ್ನ ಯಾವ ಪೆಟ್ಟಿಗೇಲಿ ಇಡ್ತಾರೋ!"

ಕಲ್ಬಾಸಿ 'ವಿವಿಧ' ಎಂದು ಬರೆದರು.

ಎರಡು ದಿನ ಕೂತು ಒಂದೊಂದನ್ನೂ ಮತ್ತೊಮ್ಮೆ ತೂಗಿ, ಬಟ್ಟೆಯಲ್ಲಿ ಸುತ್ತಿ, ಅಲ್ಲಾಡದಂತೆ ಬಿಗಿಯಾಗಿ ಪೆಟ್ಟಿಗೆಗೆ ತುಂಬಿದರು. ಒಟ್ಟು ಇಪ್ಪತ್ತೇಳು ಕಿಲೋ ಮುನ್ನೂರು ಗ್ರಾಂ. ಇನ್ನೂ ಏಳುನೂರು ಗ್ರಾಂ ಬೇಕು.

ಅಶ್ರಫ್ ಖಾನಂ ಹತ್ತಿರ ಬಂದು ದನಿ ತಗ್ಗಿಸಿ ಅಂದರು, "ಫರಾಮರ್ಜ್ ಆಗಾ, ಎಲ್ಲರದೂ ಬಂತು, ನಿಮ್ಮದು ಬರಲಿಲ್ಲ. ಅಖ್ತರ್ ಖಾನಂದು ಏನಾದ್ರೂ ತನ್ನಿ. ನಾಳೆ ಬೆಳಿಗ್ಗೆವರೆಗೂ ಪೆಟ್ಟಿಗೆ ಮುಚ್ಚೋದು ಬೇಡ. ಅವರ ಜಪಮಾಲೆ, ಬಳೆ, ಕೊನೆಗೆ ಒಂದು ಚಮಚ ಆದ್ರೂ."

ಕಲ್ಬಾಸಿ ಯೋಚಿಸಿದರು. ಮನೆಯ ಕಪಾಟು ಕಣ್ಣ ಮುಂದೆ ಬಂತು. ಅದರಲ್ಲಿ ಬಟ್ಟೆಗಳಿದ್ದವು, ಔಷಧದ ಸೀಸೆಗಳಿದ್ದವು, ಕನ್ನಡಕವಿತ್ತು. ಎಲ್ಲವೂ ಇದ್ದವು. ಯಾವುದನ್ನು ತರಬೇಕು ಎಂದು ಹೊಳೆಯಲಿಲ್ಲ. ತರದಿದ್ದರೆ ಏನಾಗುತ್ತದೆ ಎಂಬುದೂ ಹೊಳೆಯಲಿಲ್ಲ. ಸುತ್ತ ಹತ್ತು ಹದಿನೈದು ಜನ ಕೆಲಸ ಮಾಡುವವರ ಹಾಗೆ ನಟಿಸುತ್ತ ಕಾಯುತ್ತಿದ್ದರು.

ಎದ್ದು ಹೋಗಿ ಕಪ್ಪು ಸೀಸದ ತುಂಡೊಂದನ್ನು ತಂದು ತಕ್ಕಡಿಗಿಟ್ಟರು. ಏಳುನೂರ ಇಪ್ಪತ್ತು. ಅರದಿಂದ ಉಜ್ಜಿದರು. ಏಳುನೂರ ಎರಡು. ಇನ್ನೊಂದಿಷ್ಟು ಉಜ್ಜಿದರು. ಏಳುನೂರು. ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಗೆ ತುರುಕಿ, ಮುಚ್ಚಳದ ಎಂಟು ಬೋಲ್ಟು ಬಿಗಿದು ಸಹಿ ಹಾಕಿದರು. ಅಶ್ರಫ್ ಖಾನಂ ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡು ವೈರುಗಳ ಕಡೆಗೆ ಹೋದರು.

ಗುರುವಾರ ವಿಮಾನ ಇಪ್ಪತ್ತೆರಡು ನಿಮಿಷ ಹಾರಿ ಇಳಿಯಿತು. ಕುರಿ ಕೊಯ್ದರು, ಇಸ್ಫಂದ್ ಹೊಗೆ ಹಾಕಿದರು, ದೊಡ್ಡವರು ಭಾಷಣ ಮಾಡಿದರು. ಗೊರ್ಬಾನ್ ಮಗುವಿನ ಹಾಗೆ ಅತ್ತ. ಕರ್ನಲ್ ಬೆಹ್ಬಹಾನಿ ಗುಂಪನ್ನು ಸೀಳಿಕೊಂಡು ಬಂದು, ಗೋಡೆ ಬದಿ ನಿಂತಿದ್ದ ಕಲ್ಬಾಸಿಯವರನ್ನು ತಬ್ಬಿ, ಎರಡೂ ಕೆನ್ನೆಗೆ ಮುತ್ತಿಟ್ಟರು.

"ಆಗಾ ಕಲ್ಬಾಸಿ, ಆ ಮೂಗು ಇತ್ತಲ್ಲ, ಹೂವು! ಹೂವು ಎತ್ತಿದ ಹಾಗೆ ಎದ್ದಿತು!"

"ಇಪ್ಪತ್ತೆಂಟು ಕಿಲೋ ಇತ್ತು," ಎಂದರು ಕಲ್ಬಾಸಿ.