ಹುಳು ಜ್ವರಕ್ಕೆ ಕೂತಾಗ ಓದಿದ್ದು

ಎಲ್ಲಾದರೂ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಓದಬೇಕು ಅನಿಸುತ್ತದೆ, ಅದರ ಬೆನ್ನಿಗೇ ನಿದ್ದೆಯೂ ಬರುತ್ತದೆ. ಎರಡೂ ಒಟ್ಟಿಗೆ ಅಂಟಿದ ಚಟ. ಮಾಗಡಿ ಕಡೆಯ ತಿಪ್ಪಸಂದ್ರದಿಂದ ಒಳಕ್ಕಿರುವ ನಮ್ಮೂರಿನಲ್ಲಿ, ರೇಷ್ಮೆ ಹುಳು ಮೇಯಿಸುವ ಮನೆಯಲ್ಲಿ ಹುಟ್ಟಿದವಳು ನಾನು. ಅಲ್ಲಿ ಗಡಿಯಾರ, ಕ್ಯಾಲೆಂಡರು ಎಲ್ಲ ಹೆಸರಿಗೆ ಮಾತ್ರ. ದಿನ ನಡೆಯುವುದು ಹುಳು ಹೇಳಿದ ಹಾಗೆ.

ಹುಳುವಿನ ಬದುಕಿನಲ್ಲಿ ನಾಲ್ಕು ಸಲ ಜ್ವರ ಬರುತ್ತದೆ. ಕಾಯಿಲೆಯ ಜ್ವರವಲ್ಲ. ಹಳೆಯ ಚರ್ಮ ಕಳಚಿಕೊಳ್ಳುವುದಕ್ಕೆ ಅದು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಮೊದಲೆರಡು ಜ್ವರ ಚಾಕಿ ಕೇಂದ್ರದಲ್ಲೇ, ಅಂದರೆ ಮೊಟ್ಟೆ ಒಡೆಸಿ ಮರಿಹುಳು ಸಾಕಿ ಕೊಡುವವರ ಹತ್ತಿರವೇ ಮುಗಿದಿರುತ್ತವೆ. ಉಳಿದೆರಡು ನಮ್ಮ ಮನೆಯಲ್ಲಿ. ಆಗ ಸೊಪ್ಪು ಹಾಕುವಂತಿಲ್ಲ, ಹುಳುವನ್ನು ಮುಟ್ಟುವಂತಿಲ್ಲ. ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಕಾಯಬೇಕು. ಆ ಹೊತ್ತಿನಲ್ಲಿ ಅಪ್ಪ ಜಗಲಿಯ ಮೇಲೆ ಉದ್ದಕ್ಕೆ ಮಲಗುತ್ತಿದ್ದ, ಅವ್ವ ಒಗೆಯುವ ಬಟ್ಟೆಯ ಗಂಟು ಬಿಚ್ಚುತ್ತಿದ್ದಳು, ನಾನು ಪುಸ್ತಕ ಹಿಡಿದು ಹುಳುಮನೆಯ ಒಳಗೆ ಹೋಗುತ್ತಿದ್ದೆ.

ಎಂಥ ತಂಪು ಅದು! ಹೊರಗೆ ಬಿಸಿಲು ಬಂಡೆಗಳನ್ನು ಕಾಯಿಸುತ್ತಿದ್ದರೆ ಒಳಗೆ ಕಿಟಕಿಗೆ ಇಳಿಬಿಟ್ಟ ಒದ್ದೆ ಗೋಣಿತಾಟು, ಹಸಿರು ಪರದೆ ದಾಟಿ ಬೆಳಕು ಸೋರುತ್ತಿತ್ತು. ಖಾಲಿ ಚೀಲಗಳ ಮೇಲೆ ಒರಗಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಮೂರು ಅಂತಸ್ತಿನ ಸ್ಟ್ಯಾಂಡಿನ ತುಂಬ ಸಾವಿರಾರು ಹುಳುಗಳು ತಲೆ ಎತ್ತಿ ಕೂತಿರುತ್ತಿದ್ದವು. ನಮ್ಮ ಕ್ಲಾಸಿನಲ್ಲಿ ಯಾರೂ ಅಷ್ಟು ಗಮನವಿಟ್ಟು ಕೂತದ್ದನ್ನು ನಾನು ಕಂಡಿಲ್ಲ. ಓದುತ್ತ ಓದುತ್ತ ಅಕ್ಷರಗಳು ಕದಲುತ್ತಿದ್ದವು. ಮಾಗಡಿಯ ಬಸ್ಸು ಸೊಪ್ಪಿನ ತೋಟದ ನಡುವೆ ಸದ್ದಿಲ್ಲದೆ ತೇಲಿ ಬರುತ್ತಿತ್ತು. ಸೀಟುಗಳಲ್ಲಿ ಹುಳುಗಳು ತಲೆ ಎತ್ತಿ ಕೂತಿರುತ್ತಿದ್ದವು. ನನಗೂ ಕಿಟಕಿ ಪಕ್ಕದಲ್ಲಿ ಜಾಗ ಇರುತ್ತಿತ್ತು, ಮತ್ತು ಯಾರೂ ನನ್ನನ್ನು ಮನೆಗೆ ವಾಪಸು ಕರೆಯುತ್ತಿರಲಿಲ್ಲ. ಎಚ್ಚರವಾದಾಗ ಕೆನ್ನೆಯಡಿ ಪುಸ್ತಕ ಒದ್ದೆಯಾಗಿರುತ್ತಿತ್ತು. ನನ್ನ ಪಿಯುಸಿ ಪಾಠಗಳಲ್ಲಿ ಮುಕ್ಕಾಲು ಪಾಲು ನಾನು ಕಲಿತದ್ದು ಹೀಗೆ, ಹುಳುವಿನ ಜ್ವರದಲ್ಲಿ.

ಹುಳು ಜ್ವರ ಬಿಟ್ಟು ಎದ್ದ ಮೇಲೆ ಕನಸಿಗೆ ಜಾಗವಿಲ್ಲ. ಬೆಳಕು ಹರಿಯುವ ಮುಂಚೆ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಾಕಬೇಕು. ಹುಳು ಬಲಿತು ಹಣ್ಣಾಗಿ ಗೂಡು ಕಟ್ಟಲು ಶುರುವಿಟ್ಟರಂತೂ ಮನೆಯ ಬೆಕ್ಕಿಗೂ ಬಿಡುವಿಲ್ಲ. ಆ ವಾರ ಕಾಲೇಜಿಗೆ ಹೋಗುವ ಮಾತೇ ಇಲ್ಲ. ಮತ್ತೆ ಹೋದಾಗ ಒಬ್ಬರು ಮೇಷ್ಟ್ರು, "ಏನಮ್ಮ, ಹಣ್ಣಾಯ್ತಾ?" ಅನ್ನುತ್ತಿದ್ದರು. ಕ್ಲಾಸೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ, ಒಳಗೊಳಗೆ ಅವರಿಗೆ ಹಿಡಿಶಾಪ ಹಾಕುತ್ತ. ಜೀವಶಾಸ್ತ್ರದ ಮೇಡಂ ಮಾತ್ರ ಹಾಗೆ ಕೇಳಿದವರಲ್ಲ. ರಾಮನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರಾದ ಅವರು, ನಾನು ತಪ್ಪಿಸಿಕೊಂಡ ಪಾಠವನ್ನು ಊಟದ ಹೊತ್ತಿನಲ್ಲಿ ಇನ್ನೊಮ್ಮೆ ಹೇಳಿಕೊಡುತ್ತಿದ್ದರು.

ಪಿಯುಸಿ ಪಾಸಾದೆ, ಚೆನ್ನಾಗಿಯೇ. ಮಾಗಡಿಯಲ್ಲೇ ಬಿ.ಎಸ್ಸಿ.ಗೆ ಸೇರಬೇಕೆಂದು ಅಪ್ಪನ ಮುಂದೆ ಬಾಯಿ ಬಿಟ್ಟೆ. ಅಪ್ಪ ಗದರಲಿಲ್ಲ. "ಸಾಕು ಕಣವ್ವ, ಇಷ್ಟು ಓದಿದ್ದೀಯಲ್ಲ" ಎಂದ. ಗದರಿದ್ದರೆ ಜಗಳವಾದರೂ ಆಡಬಹುದಿತ್ತು. ಅಣ್ಣ ಐಟಿಐ ಮುಗಿಸಿ ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಮೇಲಿದ್ದ. ಊರಿನ ಹುಡುಗರೆಲ್ಲ ಬೆಳಗಾದರೆ ಫ್ಯಾಕ್ಟರಿ ವ್ಯಾನುಗಳನ್ನೇ ಹತ್ತುತ್ತಿದ್ದರು. ಸೊಪ್ಪು ಕೊಯ್ಯಲು ಕೂಲಿಗೆ ಬನ್ನಿ ಎಂದರೆ ಬರುವವರು ಯಾರೂ ಇರಲಿಲ್ಲ. ಅಪ್ಪನ ಲೆಕ್ಕದಲ್ಲಿ ಉಳಿದಿದ್ದವಳು ನಾನೊಬ್ಬಳೇ. ಕಾಲೇಜಿಗೆ ಸೇರಲು ತಿಂಗಳ ಕೊನೆಯವರೆಗೆ ಅವಕಾಶವಿತ್ತು, ಆಮೇಲೆ ಬಾಗಿಲು ಮುಚ್ಚುತ್ತಿತ್ತು. ಮೇಡಂಗೆ ಫೋನ್ ಮಾಡಿ ಅತ್ತೆ. "ಅಳಬೇಡ, ನಾನೇ ಬಂದು ಮಾತಾಡ್ತೀನಿ" ಎಂದರು.

ಬಂದರು. ಬರಬಾರದ ದಿನವೇ ಬಂದರು. ಹುಳು ನಾಲ್ಕನೇ ಜ್ವರದಿಂದ ಎದ್ದು ಬಕಾಸುರನ ಹಾಗೆ ಮೇಯುತ್ತಿದ್ದ ದಿನ ಅದು. ಆ ಹೊತ್ತಿನಲ್ಲಿ ನಮ್ಮ ಕಡೆ ಸ್ವಂತ ತಮ್ಮನನ್ನೂ ಹುಳುಮನೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಹೊರಗಿನವರ ಮೈಯ ವಾಸನೆ, ಕಾಲಿನ ಧೂಳು ತಾಕಿದರೆ ಬೆಳೆಯೇ ಕೈಬಿಟ್ಟೀತು ಎಂಬ ಭಯ. ಮೇಡಂ ಮಲ್ಲಿಗೆ ಮುಡಿದು, ಸೆಂಟು ಹಾಕಿಕೊಂಡು, ಕೊಡೆ ಹಿಡಿದು ಅಂಗಳಕ್ಕೆ ಕಾಲಿಟ್ಟರು. ಅವ್ವ ಸೊಪ್ಪಿನ ಹೊರೆ ಅಲ್ಲೇ ಕೆಡವಿ ಕೂಗಿಕೊಂಡಳು:

"ಅಲ್ಲೇ ನಿಂತ್ಕಳಿ! ಒಳೀಕ್ ಬರ್ಬ್ಯಾಡಿ!"

ಮೇಡಂ ಬೇವಿನ ಮರದ ಬುಡದಲ್ಲೇ ನಿಂತುಬಿಟ್ಟರು. ನಾನು ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಮನೆಗೆ ಬಂದ ಗುರುಗಳನ್ನು ಹೀಗೆ ತಡೆಯುವುದೆಂದರೆ! ಬೇಸರ ಮಾಡಿಕೊಂಡು ಹಾಗೇ ತಿರುಗಿ ಹೋಗುತ್ತಾರೆ, ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅವ್ವನಿಗೂ ನಾಚಿಕೆಯಾಯಿತು. "ತಪ್ಪು ತಿಳ್ಕಬ್ಯಾಡಿ ಮೇಡಮ್ಮಾರೆ, ಸೆಂಟು ಹುಳಕ್ಕೆ ಆಗಲ್ಲ" ಎಂದಳು. ಒಳಗಿನಿಂದ ಅಪ್ಪ, "ಈಗ ಮಾತಾಡಕ್ಕೆ ಹೊತ್ತಿಲ್ಲ, ಇನ್ನೊಂದಿನ ಬರಕ್ಕೇಳು" ಅಂದ. ಇನ್ನೊಂದು ದಿನ! ಆ ಮನೆಯಲ್ಲಿ ಇನ್ನೊಂದು ದಿನ ಎಂಬುದು ಹುಟ್ಟಿಯೇ ಇರಲಿಲ್ಲ.

ಮೇಡಂ ಕೊಡೆ ಮಡಚಿದರು. ಆಮೇಲೆ ಅವ್ವನ ಕಡೆ ನೋಡಿ, "ಒಂದು ಸೋಪು ಕೊಡ್ತೀರಾ? ಒಂದು ಹಳೇ ಸೀರೆ ಇದ್ರೆ ಅದೂ ಕೊಡಿ" ಎಂದರು.

ಬಚ್ಚಲಿಂದ ಅವರು ಹೊರಬಂದಾಗ ನನಗೆ ಗುರುತೇ ಸಿಗಲಿಲ್ಲ. ಅವ್ವನ ಮಾಸಿದ ನೀಲಿ ಸೀರೆ, ಬರಿದಾದ ಜಡೆ, ಒದ್ದೆ ಕತ್ತು. ನಮ್ಮ ಮನೆಯ ಹೆಣ್ಣುಮಗಳೇ ಎಲ್ಲಿಂದಲೋ ಬಂದಂತಿತ್ತು. ಬಾಗಿಲಲ್ಲಿದ್ದ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಬಂದರು. ಅಪ್ಪ ಕಣ್ಣು ಬಿಟ್ಟುಕೊಂಡು ನೋಡಿದ, ಆದರೆ ಕೈ ನಿಲ್ಲಿಸಲಿಲ್ಲ. "ಮಾತಾಡೋದಾದ್ರೆ ಸೊಪ್ಪು ಹಾಕ್ತಾ ಮಾತಾಡಿ. ಕೈ ನಿಲ್ಸಂಗಿಲ್ಲ" ಎಂದ. ಓಡಿಸುವುದಕ್ಕೇ ಹಾಗೆಂದ ಎಂಬುದು ನನ್ನ ಗುಮಾನಿ. ಮೇಡಂ ಒಂದು ತೆಕ್ಕೆ ರೆಂಬೆ ಎತ್ತಿಕೊಂಡರು. ಒಂದು ಹುಳು ಜಾರಿ ಪಾದದ ಮೇಲೆ ಬಿದ್ದದ್ದೇ ಕಿಟಾರನೆ ಕಿರುಚಿದರು. ಅವ್ವನಿಗೆ ನಗು ತಡೆಯಲಾಗಲಿಲ್ಲ, ಅಪ್ಪನ ಮೀಸೆಯೂ ಒಂಚೂರು ಅಲ್ಲಾಡಿತು.

ಸ್ಟ್ಯಾಂಡಿನ ಆಚೆ ಅಪ್ಪ, ಈಚೆ ಮೇಡಂ, ನಡುವೆ ಮೇಯುವ ಹುಳುಗಳ ಸದ್ದು. ಹಸಿರು ಬೆಳಕಿನಲ್ಲಿ ಇಬ್ಬರೂ ನೀರಿನೊಳಗೆ ನಡೆದಾಡುತ್ತಿರುವ ಹಾಗೆ ಕಂಡರು. ನಾನು ಮೂಲೆಯಲ್ಲಿ ಸೊಪ್ಪು ಹರಡುತ್ತ, ನನ್ನದಲ್ಲದ ಯಾವುದೋ ಕನಸನ್ನು ಕದ್ದು ನೋಡುತ್ತಿರುವವಳಂತೆ ನಿಂತಿದ್ದೆ. ಮೇಡಂ ನನ್ನ ಮಾರ್ಕ್ಸು, ಕಾಲೇಜು, ಮುಂದಿನ ದಾರಿ ಎಲ್ಲ ಹೇಳಿದರು. ಅಪ್ಪ ಕೊನೆಯವರೆಗೂ ಕೇಳಿದ.

"ಓದೋದು ಬ್ಯಾಡ ಅಂತ ನಾನೇನೂ ಅನ್ನಕಿಲ್ಲ ಮೇಡಮ್ಮಾರೆ. ಓದಿ ಏನಾಯ್ತದೆ ಅದ ಹೇಳಿ. ದೊಡ್ಡೋನು ಐಟಿಐ ಮಾಡ್ದ. ಕಂಪ್ನಿಯೋರು ನಾಳೆ ಬಾ ಅಂತಾರೋ ಬ್ಯಾಡ ಅಂತಾರೋ ಅಂತ ಈಗ್ಲೂ ಕಾಯ್ತಾ ಕೂತವ್ನೆ. ಅದು ಬುಡಿ. ನಿಮ್ದು ಖಾಯಂ ಕೆಲ್ಸವಾ?"

ಉತ್ತರ ನನಗೆ ಗೊತ್ತಿತ್ತು. ಹೌದು ಅನ್ನಿ ಮೇಡಂ, ಒಂದೇ ಒಂದು ಸುಳ್ಳು ಹೇಳಿ, ಅಪ್ಪ ಕೇಳಿಕೊಂಡು ಬರುವುದಿಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ.

"ಇಲ್ಲ," ಎಂದರು ಮೇಡಂ. "ನಾನು ಗೆಸ್ಟ್ ಲೆಕ್ಚರರ್. ವರ್ಷ ಮುಗಿದ್ರೆ ಕೆಲಸಾನೂ ಮುಗೀತು. ಈ ಸಲ ಕರೀತಾರೋ ಇಲ್ವೋ, ಇನ್ನೂ ಗೊತ್ತಿಲ್ಲ."

ಅಪ್ಪ ಗೆದ್ದವನಂತೆ ನಗಲಿಲ್ಲ. ಬಹಳ ಮೆಲ್ಲಗೆ ಕೇಳಿದ: "ಮತ್ತೆ ಅಷ್ಟ್ಯಾಕೆ ಓದುದ್ರಿ?"

ಮೇಡಂ ಒಂದು ಸಾಲಿಗೆ ಸೊಪ್ಪು ಹಾಕಿ ಮುಗಿಸಿದರು. "ಓದೋಕೆ ಮುಂಚೆ ನಾನು ನಮ್ಮಪ್ಪನ ಎದುರು ತಲೆ ಎತ್ತಿದವಳಲ್ಲ. ಇವತ್ತು ಗೊತ್ತಿಲ್ಲದ ಊರಿಗೆ ಒಬ್ಬಳೇ ಬಂದು, ನಿಮ್ಮ ಮನೆಯವರ ಸೀರೆ ಉಟ್ಕೊಂಡು, ನಿಮ್ಮ ಹತ್ರ ವಾದ ಮಾಡ್ತಿದೀನಿ. ಅದು ಓದಿದ್ರಿಂದ ಬಂತು. ಇವಳಿಗೆ ಕೆಲಸ ಸಿಕ್ಕೇ ಸಿಗುತ್ತೆ ಅಂತ ಮಾತು ಕೊಡೋಕೆ ನನ್ನ ಕೈಲಾಗಲ್ಲ."

"ಆ ರೆಂಬೆಯ ಒಸಿ ತೆಳ್ಳಗೆ ಹರಡಿ," ಎಂದ ಅಪ್ಪ. ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ.

ಸಂಜೆಯ ಬಸ್ಸಿಗೆ ಮೇಡಂ ಹೋದರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಅಂಥ ಹೊತ್ತಿನಲ್ಲಿ ನಿಜ ಹೇಳುವವರು ಇದ್ದಾರೆಯೇ? ಹುಳು ಹಣ್ಣಾಯಿತು. ಬೆನ್ನು ಬಗ್ಗಿಸಿದವಳು ಎತ್ತಲಿಲ್ಲ. ಮೈಯೆಲ್ಲ ಹೊಳೆಯುವ ಹುಳುಗಳನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಬಿಡುತ್ತ, ಇವಕ್ಕಾದರೂ ಮುಂದೇನು ಎಂಬುದು ಗೊತ್ತಿದೆ ಎಂದು ಹೊಟ್ಟೆಕಿಚ್ಚು ಪಟ್ಟೆ. ಆಮೇಲೆ ಹುಳುಮನೆ ಪೂರ್ತಿ ಮೌನವಾಯಿತು. ಬೆಳ್ಳಗೆ ತೂಗುವ ಗೂಡುಗಳ ನಡುವೆ ಓಡಾಡುವಾಗ ನನ್ನ ಹೆಜ್ಜೆಯ ಸದ್ದೊಂದೇ ಕೇಳುತ್ತಿತ್ತು. ತಿಂಗಳು ಮುಗಿಯುತ್ತ ಬಂದಿತ್ತು. ಆಸೆ ಬಿಟ್ಟಿದ್ದೆ.

ಅಪ್ಪ ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಹಾಕಿ ಬಂದ ಮಾರನೆಯ ಬೆಳಿಗ್ಗೆ, ನಾನೂ ಅವ್ವನೂ ಅಂಗಳದಲ್ಲಿ ಪರದೆ ತೊಳೆಯುತ್ತಿದ್ದೆವು. ಅಪ್ಪ ಜಗಲಿಯ ಮೇಲೆ ನಿಂತು ಚಾಕಿ ಕೇಂದ್ರದವನಿಗೆ ಫೋನ್ ಮಾಡಿದ. ಪ್ರತಿ ಸಲವೂ ಇನ್ನೂರು ಮೊಟ್ಟೆಯ ಹುಳು ತರಿಸುವ ಮನೆ ನಮ್ಮದು; ಒಂದು ಚಿಟ್ಟೆ ಇಟ್ಟ ನಾನೂರೈನೂರು ಮೊಟ್ಟೆಯನ್ನೆಲ್ಲ ಸೇರಿಸಿ ನಮ್ಮ ಕಡೆ ಒಂದು ಮೊಟ್ಟೆ ಎನ್ನುತ್ತಾರೆ. ಅವ್ವನ ಮದುವೆಯ ಕಾಲದಿಂದಲೂ ಅದಕ್ಕಿಂತ ಇಳಿದದ್ದಿಲ್ಲ.

"ಈ ಸಲ ನೂರೇ ಸಾಕು ಕಣಣ್ಣ," ಅಂದ ಅಪ್ಪ. "ಇಲ್ಲ ಇಲ್ಲ, ಸೊಪ್ಪೈತೆ. ಮಗಳು ಕಾಲೇಜಿಗೆ ಓಯ್ತಾಳೆ, ಅದ್ಕೆ."

ಅವ್ವನ ಕೈಯಿಂದ ಪರದೆ ಜಾರಿ ಬಕೆಟ್ಟಿಗೆ ಬಿತ್ತು. "ಅರ್ಧಕ್ಕರ್ಧ ಇಳಿಸ್ಬುಟ್ರಾ?" ಎಂದಳು.

ಅಪ್ಪ ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದ: "ಮತ್ತೆ? ಅರ್ಧ ಕೆಲ್ಸ ಅವಳೇ ಅಲ್ವಾ ಮಾಡ್ತಿದ್ದುದು?"

ನಾನು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಕುಣಿಯಬೇಕಾದ ಹೊತ್ತಿನಲ್ಲಿ ನನ್ನ ಕಣ್ಣಿಗೆ ಕಂಡದ್ದು ಹುಳುಮನೆಯ ಖಾಲಿ ಉಳಿಯಲಿದ್ದ ಅರ್ಧ ಮಾತ್ರ.