ಮೊಳಕೆ ಕಾಳಿನ ಪರೀಕ್ಷೆ

ಧರ್ಮಪ್ಪನಷ್ಟು ನಿರ್ದಯಿ ಅಟೆಂಡರನ್ನು ನಾನು ಬೇರೆ ಯಾವ ಕಾಲೇಜಿನಲ್ಲೂ ಕಂಡಿಲ್ಲ. ಜೀವಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಸಲು ನಾನು ಬಾಳಗಡಿಯ ಕಾಲೇಜಿಗೆ ಹೋದಾಗಲೆಲ್ಲ ಅವನು ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ಮಕ್ಕಳು ಮನೆಯಿಂದ ನೆನೆಸಿ ತಂದ ಹೆಸರುಕಾಳನ್ನು ಪೊಲೀಸನಂತೆ ತಪಾಸಣೆ ಮಾಡುತ್ತಿದ್ದ. ಮೊಳಕೆಯೊಡೆದ ಕಾಳು ಆಮ್ಲಜನಕ ಹೀರಿ ತನ್ನೊಳಗಿನ ಆಹಾರದಿಂದ ಶಕ್ತಿ ಪಡೆಯುತ್ತದೆ. ಅದು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಾಳಿನ ಸೀಸೆಯಲ್ಲೇ ಇಟ್ಟ ಕಾಸ್ಟಿಕ್ ಪೊಟ್ಯಾಷ್ ಹೀರಿಕೊಂಡಾಗ ಸೀಸೆಗೆ ಜೋಡಿಸಿದ ಕೊಳವೆಯಲ್ಲಿ ನೀರು ಏರುತ್ತದೆ. ನೀರು ಏರದಿದ್ದರೆ ಅಂಕವಿಲ್ಲ. ಗಾಬರಿಯಲ್ಲಿ ಯಾರಾದರೂ ಸೀಸೆ ಅಲುಗಿಸಿದರೆ, "ಅದೆಂತ ತೊಟ್ಟಿಲಾ ಮಾರಾಯ್ತಿ, ತೂಗೋದಕ್ಕೆ?" ಎಂದು ಗದರುತ್ತಿದ್ದ. ಮೊಳಕೆ ಅರ್ಧ ಅಂಗುಲ ಇಲ್ಲದಿದ್ದರೆ ಒಳಗೆ ಬಿಡುತ್ತಲೇ ಇರಲಿಲ್ಲ. ಎರಡು ಸಾವಿರದ ಆರರ ಫೆಬ್ರವರಿಯ ಚಳಿಗೆ ಸುಮಲತಾ ಎಂಬ ಹುಡುಗಿಯ ಕಾಳು ಮೊಳೆತೇ ಇರಲಿಲ್ಲ. "ಇದು ಸಾರಿಗಾಯ್ತು, ಪರೀಕ್ಷೆಗಲ್ಲ" ಎಂದು ಧರ್ಮಪ್ಪ ಡಬ್ಬಿಯನ್ನು ಅವಳ ಕೈಗೇ ವಾಪಸು ಕೊಟ್ಟ. ಪರೀಕ್ಷೆಗೆ ಐದೇ ನಿಮಿಷವಿತ್ತು. ಈ ಪರೀಕ್ಷೆಯಲ್ಲಿ ಹೋದರೆ ಅವಳಿಗೆ ಇಡೀ ವರ್ಷ ಹೋದಂತೆ. ಅವಳು ಡಬ್ಬಿಯೊಳಗೆ ಬೆರಳಾಡಿಸಿ ಮೊಳಕೆ ಹುಡುಕತೊಡಗಿದಳು. ಧರ್ಮಪ್ಪ ನನಗೆ ಬೆನ್ನು ಹಾಕಿ ಸ್ವೆಟರ್ ಎತ್ತಿದ, ಹೊಟ್ಟೆಗೆ ಬಿಗಿದುಕೊಂಡಿದ್ದ ಒದ್ದೆ ಬಟ್ಟೆಯ ಗಂಟನ್ನು ಬಿಚ್ಚಿದ, ಮೈಶಾಖಕ್ಕೆ ಉದ್ದುದ್ದ ಮೊಳೆತಿದ್ದ ಕಾಳನ್ನು ಅವಳ ಬೊಗಸೆಗೆ ಸುರಿದ.