ಕಮಾನಿಗಾಗಿ ಕಿತ್ತ ಹಾಲುಗಂಬ

ಹಾಲುಗಂಬವನ್ನು ಕಿತ್ತವನು ನಾನು, ಮಂಜುಳಾ. ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪದಲ್ಲಿ, ಗೇಟಿನ ಒಳಗೆ, ಎಡಗಡೆ, ಬೇವಿನ ಮರಕ್ಕೂ ನೀರಿನ ತೊಟ್ಟಿಗೂ ನಡುವೆ ನಿಂತಿದ್ದೆ. ನಿನ್ನ ಮದುವೆಯ ಬೆಳಿಗ್ಗೆ; ಬಿಸಿಲು ಇನ್ನೂ ಕಾಂಪೌಂಡು ದಾಟಿರಲಿಲ್ಲ, ಗಂಡಿನವರ ಬಸ್ಸು ಬಂದಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡಿಸಿ, ಎಳೆದೆ. ನಿನ್ನ ತಾಯಿ ಅದನ್ನು ಮುಟ್ಟಿರಲಿಲ್ಲ. ಇಷ್ಟನ್ನು ಮೊದಲು ಹೇಳಿಬಿಡಬೇಕು.

ನಿನಗೆ ನನ್ನ ನೆನಪಿರಲಾರದು. ಆಗ ನಾನು ಚಾಮರಾಜನಗರದಲ್ಲಿ ಕಾಲೇಜು ಮೇಷ್ಟ್ರು. ಚಾಮರಾಜನಗರ ಜಿಲ್ಲೆಯಾಗಿ ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ದೊಡ್ಡ ಸಭೆ, ಸಮ್ಮೇಳನಗಳನ್ನು ಸೆಳೆಯಬಲ್ಲ ಊರುಗಳಿಗೆ ಅನುದಾನ ಸಿಗುತ್ತದೆ ಎಂಬ ಸುದ್ದಿ ಬಂದದ್ದೇ ತಡ, ಒಂದು ಸಮಿತಿ ಹುಟ್ಟಿಕೊಂಡು, ಬಂಡೀಪುರದ ದಾರಿಯ ಗುಂಡ್ಲುಪೇಟೆಯನ್ನು ಆರಿಸಿತು. ಲಾಡ್ಜು ಇಟ್ಟವರೊಬ್ಬರು ಅಧ್ಯಕ್ಷರು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ನಾನು ಕಾರ್ಯದರ್ಶಿ. ವಿಜ್ಞಾನಿಗಳು, ವೈದ್ಯರು, ಕಂಪನಿಯವರು ಹಗಲೆಲ್ಲ ನಮ್ಮಲ್ಲಿ ಚರ್ಚಿಸಿ ಸಂಜೆ ಬಂಡೀಪುರಕ್ಕೆ ಹೋಗಿ ಆನೆ ನೋಡುತ್ತಾರಂತೆ! ಈರುಳ್ಳಿ ಲಾರಿಗಳ ಸದ್ದಿಗೆ ಪಕ್ಕದವರ ಮಾತೇ ಕೇಳಿಸದ ಆ ಮಂಟಪವನ್ನು ನಾನು 'ಅಂತರರಾಷ್ಟ್ರೀಯ ಮಟ್ಟದ ಸಭಾಂಗಣ' ಎಂದು ಬರೆದೆ. ಬರೆದು ಹೆಮ್ಮೆಪಟ್ಟೆ ಕೂಡ. ಥೂ.

ಬೆಂಗಳೂರಿನ ತಂಡ ಪರಿಶೀಲನೆಗೆ ಬರುತ್ತೇವೆಂದ ದಿನವೇ ಅಲ್ಲಿ ನಿನ್ನ ಮದುವೆ. ಅಧ್ಯಕ್ಷರಿಗೆ ಅದೂ ಅನುಕೂಲವಾಗಿಯೇ ಕಂಡಿತು. "ಇರ್ಲಿ ಬುಡಿ ಮೇಷ್ಟ್ರೇ, ಕುರ್ಚಿ ತುಂಬಿರ್ತವೆ. ಖಾಲಿ ಛತ್ರ ತೋರ್ಸದಾ?" ಎಂದರು. ತೊಡಕಾದದ್ದು ಕಮಾನಿಗೆ. 'ಸಮ್ಮೇಳನ ನಗರಿಗೆ ಸುಸ್ವಾಗತ' ಎಂದು ಬರೆಸಿದ್ದ ಬಟ್ಟೆಯ ಕಮಾನು ಗೇಟಿನೊಳಗೆ ನಿಲ್ಲಬೇಕಿತ್ತು. ಅದರ ಒಂದು ಕಾಲು ಊರಬೇಕಾದ ಜಾಗದಲ್ಲೇ ನಿನ್ನ ಸೋದರಮಾವ ಹಿಂದಿನ ದಿನ ಅತ್ತಿಕೊಂಬೆ ನೆಟ್ಟಿದ್ದರು. ಮುತ್ತೈದೆಯರು ಹಾಲೆರೆದು ಅರಿಸಿನದ ದಾರ ಕಟ್ಟಿದ್ದರು. ಮದುವೆ ಮುಗಿಯುವ ತನಕ ಹಾಲುಗಂಬ ಅಲುಗಬಾರದು — ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ನೆಟ್ಟಿದ್ದಾರೆ.

ಕಮಾನು ತಂದಿದ್ದ ಶಾಮಿಯಾನದ ಸಿದ್ದರಾಜು ಹಿಂದೆ ಸರಿದ. "ಅದ್ನ ನಾ ಕೀಳಾಕಿಲ್ಲ ಬುದ್ಧಿ. ನನ್‌ಗೂ ಎಣ್ಮಕ್ಳವ್ರೆ."

ಅಧ್ಯಕ್ಷರು ನನ್ನತ್ತ ತಿರುಗಿ ನಕ್ಕರು. "ಏನ್ ಮೇಷ್ಟ್ರೇ, ಕಾಲೇಜಲ್ಲಿ ಮೂಢನಂಬಿಕೆ ಮ್ಯಾಲೆ ಭಾಷ್ಣ ಬಿಗೀತೀರಿ, ಒಂದು ಕೊಂಬೆಗೆ ಎದ್ರುಕಂಡ್ರಾ?"

ಆ ನಗುವಿಗೆ ಕಿತ್ತೆ. ವಿಚಾರವಾದದಿಂದಲ್ಲ, ಊರಿನ ಒಳಿತಿಗಂತೂ ಅಲ್ಲ. ಪಕ್ಕದಲ್ಲೇ ಮತ್ತೆ ನೆಟ್ಟರಾಯಿತು ಎಂದುಕೊಂಡಿದ್ದೆ — ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕೊಂಬೆಯನ್ನು ಅಲ್ಲೇ ನೆಲಕ್ಕೆ ಹಾಕಿ, ತೊಟ್ಟಿಯಲ್ಲಿ ಕೈ ತೊಳೆದುಕೊಂಡೆ.

ಮೊದಲು ಕಂಡವರು ನಿನ್ನ ಗಂಡನ ಸೋದರತ್ತೆ. "ಅಯ್ಯಯ್ಯೋ, ಹಾಲ್ಗಂಬ ಬಿದ್ದೋಗದಲ್ರೋ!" ಎಂದು ಕೂಗಿದರು. ಕೂಗಿಗೆ ಓಡಿಬಂದವರ ನಡುವೆ ನಿನ್ನ ತಾಯಿಯ ಬೋಳು ಹಣೆ ಕಂಡದ್ದೇ ಅವರಿಗೆ ಕಾರಣ ಸಿಕ್ಕಿತು. "ಗಂಡುನ್ ತಿನ್ಕಂಡೋಳು ಕೈ ಸೋಕ್ಸವ್ಳೆ. ಇನ್ಯಾಕ್ ಬಿದ್ದದು?"

"ನಾ ಅತ್ರುಕ್ಕೂ ಓಗಿಲ್ಲ ಕಣ್ರವ್ವ," ಎಂದ ನಿನ್ನ ತಾಯಿ ಸುತ್ತ ನೋಡಿ ನೇರವಾಗಿ ನನ್ನ ಬಳಿಗೆ ಬಂದರು. "ಸಾರ್, ನೀವು ಇಲ್ಲೇ ನಿಂತಿದ್ರಲ್ಲ. ನಾ ಮುಟ್ಟಿದ್ನಾ? ಒಂದ್ಮಾತು ಯೋಳಿ."

ನಾನು ಹೇಳಿದ ಒಂದು ಮಾತು ಇದು: "ನಾನು ನೋಡಲಿಲ್ಲಮ್ಮ."

ಸಿದ್ದರಾಜು ತಲೆ ತಗ್ಗಿಸಿದ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಹಿರಿಯರು ಪಂಚಾಯಿತಿ ಮಾಡಿದರು: ಮದುವೆ ನಡೆಯಲಿ, ಆದರೆ ಹೆಣ್ಣಿನ ತಾಯಿ ಒಳಗಿರಕೂಡದು. ಅವರು ರಸ್ತೆ ದಾಟಿ ಈರುಳ್ಳಿ ಮಂಡಿಯ ಜಗಲಿಯ ಮೇಲೆ ಕುಳಿತರು. ನಿನ್ನ ಧಾರೆಯನ್ನು ಅವರು ನೋಡಲಿಲ್ಲ — ವಾಲಗ ಕೇಳಿಸಿಕೊಂಡರು, ಅದೂ ಲಾರಿಗಳು ಬಿಟ್ಟುಕೊಟ್ಟಷ್ಟು. ಕೆಟ್ಟ ಜಾಗವೆಂದು ಹೊಸ ಕೊಂಬೆಯನ್ನು ಬೇರೆಡೆ ನೆಟ್ಟರು. ಹಳೆಯ ಗುಂಡಿ ನಮ್ಮ ಕಮಾನಿಗೆ ಸಿಕ್ಕಿತು.

ಆ ತಂಡ ಬಂತು. ಒಳಗೆ ಇಣುಕಿ, "ಜನ ಚೆನ್ನಾಗಿ ಸೇರ್ತಾರಲ್ರೀ" ಎಂದರು, ಕೇಸರಿಬಾತು ತಿಂದರು, ಆನೆ ನೋಡಲು ಹೋದರು. ಅನುದಾನವೂ ಬಂತು. ಬಟ್ಟೆಯ ಕಮಾನಿದ್ದಲ್ಲಿ ಕಾಂಕ್ರೀಟಿನ ಕಮಾನು ಎದ್ದಿತು. ಅದರ ಕೆಳಗೆ ಒಂದೇ ಒಂದು ಸಮ್ಮೇಳನವೂ ಹಾಯಲಿಲ್ಲ. ಅದರ ಉದ್ಘಾಟನೆಯಲ್ಲಿ ನನಗೆ ಶಾಲು ಹೊದಿಸಿದರು, ನಾನು ಹೊದ್ದುಕೊಂಡೆ.

ಹೋದ ತಿಂಗಳು ತೆರಕಣಾಂಬಿ ಬಸ್ಸಿನಲ್ಲಿ ನಿನ್ನ ತಾಯಿ ಸಿಕ್ಕಿದರು. ಗುರುತು ಹಿಡಿದವರು ಅವರೇ. ನಿನ್ನ ಮಗನ ನಾಮಕರಣದಲ್ಲೂ ತಮ್ಮನ್ನು ತೊಟ್ಟಿಲಿನ ಹತ್ತಿರ ಬಿಡಲಿಲ್ಲ, "ಮಗ್ಳೇ ಬ್ಯಾಡ ಅಂದ್ಲು ಸಾರ್" ಎಂದರು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು.

"ನಂಗೊತ್ತು ಬುಡಿ. ನಾ ಅಡ್ಗೆಮನೆ ಬಾಗ್ಲಲ್ಲೇ ನಿಂತಿದ್ದೆ. ನೀವ್ ಕೀಳದ ಕಂಡೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನಾ ಯೋಳುದ್ರೆ ಯಾರ್ ನಂಬಾರು? ಜಗ್ಳ ಬೆಳುದ್ರೆ ಮದ್ವೆ ನಿಂತೋಗದು. ನೀವೇ ಯೋಳ್ತೀರಿ ಅಂದ್ಕಂಡೆ."

ಅಂದರೆ ಅವರು ಅಂದು ನನ್ನನ್ನು ಕೇಳಿದ್ದು ಸಾಕ್ಷಿಯೆಂದಲ್ಲ. ನನಗೆ ಒಂದು ಅವಕಾಶ ಕೊಟ್ಟಿದ್ದರು — ನಾನು ಅದನ್ನೂ…

ಕ್ಷಮೆ ಕೇಳುತ್ತಿಲ್ಲ. ಇದನ್ನು ನಿನ್ನ ಗಂಡನ ಮನೆಯವರ ಎದುರು ಗಟ್ಟಿಯಾಗಿ ಓದು. ಬಂದು ಬಾಯಿಂದಲೇ ಹೇಳಿ ಎಂದರೆ ಬರುತ್ತೇನೆ. ನನ್ನ ಮಾತು ಸಾಲದು ಎಂದರೆ, ಸಾಲದಿರುವುದು ನ್ಯಾಯವೇ. ಅಧ್ಯಕ್ಷರು ತೀರಿಕೊಂಡರು. ನಾನು ಕಿತ್ತದ್ದನ್ನು ಕಂಡವರಲ್ಲಿ ಬದುಕಿರುವವರು ಇಬ್ಬರು. ಒಬ್ಬ ಸಿದ್ದರಾಜು, ಈಗ ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲಿ ವಾಚ್‌ಮನ್ ಆಗಿದ್ದಾನೆ. ಇನ್ನೊಬ್ಬರು ನಿನ್ನ ತಾಯಿ.